ಮನೆಯಲ್ಲಿ ಒಂಟಿಯಾಗಲು ಹೆದರುವ ನಾಯಿಗೆ ತರಬೇತಿ ಕೊಡುವ ಬಗೆ

ಮನೆಯವರು ಬೀಗ ಹಾಕಿಕೊಂಡು ಹೊರಟ ಕೆಲವೇ ನಿಮಿಷಗಳಲ್ಲಿ ನಾಯಿ ಊಳಿಡತೊಡಗುತ್ತದೆ, ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತದೆ, ಹೊರಗೆ ಹೋಗಿಯೇ ಉಚ್ಚೆ ಮಾಡುವ ಅಭ್ಯಾಸವಿದ್ದರೂ ನಡುಮನೆಯನ್ನು ಒದ್ದೆ ಮಾಡುತ್ತದೆ. ಸಂಜೆ ದಣಿದು ಬಂದು ಇದನ್ನು ನೋಡುವವರಿಗೆ ನಾಯಿ ಬೇಕೆಂದೇ ಹೀಗೆ ಮಾಡಿದೆ ಎನ್ನಿಸುವುದು ಸಹಜ. ಒಂಟಿಯಾದೊಡನೆ ಅದಕ್ಕೆ ಆಗುವುದು ದಿಗಿಲು, ಮತ್ತು ಆ ದಿಗಿಲಿನಲ್ಲಿ ತಾನು ಏನು ಮಾಡುತ್ತಿದ್ದೇನೆಂಬ ಹಿಡಿತ ಅದಕ್ಕೆ ಇರುವುದಿಲ್ಲ. ಪಶುವೈದ್ಯರು ಇದನ್ನು ಅಗಲಿಕೆಯ ಆತಂಕ ಎಂದು ಗುರುತಿಸುತ್ತಾರೆ. 2020 ಮತ್ತು 2021ರಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದವರ ಜೊತೆ ಬೆಳೆದ ಎಷ್ಟೋ ಮರಿಗಳಿಗೆ ಖಾಲಿ ಮನೆಯ ಪರಿಚಯವೇ ಇರಲಿಲ್ಲ. ಬೆಂಗಳೂರಿನಂಥ ಊರುಗಳಲ್ಲಿ ಆಫೀಸುಗಳು ಮತ್ತೆ ತೆರೆದಾಗ ಆ ನಾಯಿಗಳು ಪಟ್ಟ ಪಾಡು ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆಲ್ಲ ಕೇಳಿಸಿದೆ.

ಮೊದಲು ಇದು ನಿಜವಾಗಿ ಅಗಲಿಕೆಯ ಆತಂಕವೇ ಎಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಹಳೆಯದೊಂದು ಮೊಬೈಲನ್ನು ಬಾಗಿಲು ಕಾಣುವಂತೆ ಕಪಾಟಿಗೆ ಒರಗಿಸಿಟ್ಟು, ವಿಡಿಯೋ ಕರೆ ಮಾಡಿ, ಕೆಳಗೆ ಇಳಿದು ನೋಡಿದರೆ ಸಾಕು. ಆತಂಕವಿರುವ ನಾಯಿಯಲ್ಲಿ ಲಕ್ಷಣಗಳು ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತವೆ: ಶತಪಥ ಹಾಕುತ್ತದೆ, ಸೆಖೆಯಿಲ್ಲದಿದ್ದರೂ ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಬಾಗಿಲು ಮತ್ತು ಕಿಟಕಿಗಳ ಬಳಿಯಲ್ಲೇ ಕಚ್ಚುವುದು ಕೆರೆಯುವುದು ಮಾಡುತ್ತದೆ, ಇಷ್ಟದ ತಿನಿಸನ್ನೂ ಮುಟ್ಟುವುದಿಲ್ಲ. ಬೇಸರಗೊಂಡ ನಾಯಿ ಹಾಗಲ್ಲ. ಅದು ಒಂದು ನಿದ್ದೆ ತೆಗೆದು ಎದ್ದು ಆಮೇಲೆ ಚಪ್ಪಲಿಯನ್ನೋ ದಿಂಬನ್ನೋ ಹುಡುಕಿ ಹರಿಯುತ್ತದೆ, ಇಟ್ಟ ತಿಂಡಿಯನ್ನು ತಿಂದು ಮುಗಿಸಿರುತ್ತದೆ. ಅದಕ್ಕೆ ಬೇಕಾಗಿರುವುದು ಇನ್ನಷ್ಟು ನಡಿಗೆ ಮತ್ತು ಆಟ. ಮೂತ್ರಕೋಶದ ಸೋಂಕು, ಮೈನೋವು, ಮುಪ್ಪಿನ ಮರೆವು ಇವುಗಳಿಂದಲೂ ನಾಯಿ ಮನೆಯೊಳಗೆ ಉಚ್ಚೆ ಮಾಡಬಹುದು ಅಥವಾ ರಾತ್ರಿಹಗಲು ಚಡಪಡಿಸಬಹುದು. ಆದ್ದರಿಂದ ತರಬೇತಿಗೆ ಮುಂಚೆ ಪಶುವೈದ್ಯರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ತೆಗೆದ ವಿಡಿಯೋವನ್ನು ಅವರಿಗೂ ತೋರಿಸಿ.

ಬೈಯುವುದು, ಹೊಡೆಯುವುದು, ಮಾಡಿದ ಹೊಲಸಿಗೆ ಮೂತಿ ಒತ್ತುವುದು ಇವೆಲ್ಲವನ್ನೂ ಇಂದೇ ನಿಲ್ಲಿಸಬೇಕು. ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ ಎಂದು ಹಲವರು ಹೇಳುತ್ತಾರೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿನ್ನಬೇಡವೆಂದ ತಿಂಡಿಯನ್ನು ನಾಯಿ ನಿಜವಾಗಿ ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಆ ತಪ್ಪಿತಸ್ಥ ಮುಖಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನರು ಗದರಿದಾಗ ಆ ಮುಖ ಹೆಚ್ಚಾಗಿ ಕಾಣಿಸಿಕೊಂಡಿತು. ತಗ್ಗಿದ ತಲೆ, ಹಿಂದಕ್ಕೆ ಮಡಿಸಿದ ಕಿವಿ, ಕಾಲ ಸಂದಿಗೆ ಸೇರಿದ ಬಾಲ ನಮ್ಮ ಕೋಪಕ್ಕೆ ಹೆದರಿದ್ದರ ಗುರುತು. ಮೊದಲೇ ಹೆದರಿದ ಪ್ರಾಣಿಗೆ ಮನೆಯವರ ಬರವೂ ಹೆದರಿಕೆಯ ಸಂಗತಿಯಾದರೆ ದಿನವಿಡೀ ಅದಕ್ಕೆ ನೆಮ್ಮದಿಯಿಲ್ಲ.

ಒಂಟಿಯಾಗಿ ಬಿಡುವುದನ್ನು ಸದ್ಯಕ್ಕೆ ನಿಲ್ಲಿಸಿ

ಈ ತರಬೇತಿಯ ಅತ್ಯಂತ ಕಷ್ಟದ ಭಾಗ ಇದು, ಮತ್ತು ಬಹಳ ಜನ ಕೈಬಿಡುವುದೂ ಇದನ್ನೇ. ಬೆಳಿಗ್ಗೆ ಹತ್ತು ಸೆಕೆಂಡಿನ ಅಭ್ಯಾಸವನ್ನು ಅಚ್ಚುಕಟ್ಟಾಗಿ ಮಾಡಿಸಿ, ಮಧ್ಯಾಹ್ನ ನಾಲ್ಕು ಗಂಟೆ ನಾಯಿಯನ್ನು ಅಳಲು ಬಿಟ್ಟು ಹೋದರೆ ಬೆಳಗಿನ ಕೆಲಸ ಅಳಿಸಿಹೋಗುತ್ತದೆ. ಅತ್ತತ್ತು ತಾನೇ ಸುಮ್ಮನಾಗುತ್ತದೆ ಎಂಬ ಸಲಹೆಯನ್ನು ನಂಬಬೇಡಿ. ಪ್ರತಿ ಸಲ ದಿಗಿಲುಗೊಂಡಾಗಲೂ ಖಾಲಿ ಮನೆ ಭಯಾನಕ ಎಂಬ ಪಾಠ ಅದಕ್ಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ತರಬೇತಿ ನಡೆಯುವ ವಾರಗಳಲ್ಲಿ, ನಾಯಿ ತಾಳಿಕೊಳ್ಳಬಲ್ಲಷ್ಟು ಹೊತ್ತಿಗಿಂತ ಹೆಚ್ಚಾಗಿ ಅದು ಒಂಟಿಯಾಗದಂತೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಇದು ಕೇಳಲು ಅಸಾಧ್ಯವೆನಿಸಿದರೂ ಕೂತು ಪಟ್ಟಿ ಮಾಡಿದರೆ ದಾರಿಗಳು ಸಿಗುತ್ತವೆ. ಗಂಡ ಹೆಂಡತಿ ಆಫೀಸಿಗೆ ಹೋಗುವ ದಿನಗಳನ್ನು ಬೇರೆ ಬೇರೆ ಮಾಡಿಕೊಳ್ಳಬಹುದು. ಅಜ್ಜಿ ತಾತ ಒಂದೆರಡು ತಿಂಗಳು ಬಂದಿರಬಹುದು. ನಾಯಿ ಎಂದರೆ ಪ್ರೀತಿಯಿರುವ, ಮನೆಯಲ್ಲಿ ಸಾಕಲು ಅನುಮತಿಯಿಲ್ಲದ ಕಾಲೇಜು ಹುಡುಗರು ಪಕ್ಕದ ಬ್ಲಾಕಿನಲ್ಲೇ ಇರಬಹುದು. ಅವರು ಇಲ್ಲಿ ಕೂತು ಓದಿಕೊಳ್ಳಲಿ. ಹಗಲು ನಾಯಿಗಳನ್ನು ನೋಡಿಕೊಳ್ಳುವ ಕೇಂದ್ರಗಳೂ ನಗರಗಳಲ್ಲಿವೆ, ಆದರೆ ಬೇರೆ ನಾಯಿಗಳ ಗದ್ದಲ ಒಗ್ಗದ ನಾಯಿಗೆ ಅದು ಇನ್ನೊಂದು ಕಷ್ಟ. ಹೆಚ್ಚಿನ ನಾಯಿಗಳಿಗೆ ಪರಿಚಯದ ಯಾರಾದರೂ ಒಬ್ಬರು ಜೊತೆಗಿದ್ದರೆ ಸಾಕು. ಕೆಲವಕ್ಕೆ ಮಾತ್ರ ನಿರ್ದಿಷ್ಟ ಒಬ್ಬ ವ್ಯಕ್ತಿಯೇ ಬೇಕು. ನಿಮ್ಮದು ಯಾವ ಬಗೆಯದೆಂದು ಮೊದಲೇ ತಿಳಿದುಕೊಂಡರೆ ಅರ್ಧ ಚಿಂತೆ ಕಳೆಯುತ್ತದೆ. ಕಾರಿನಲ್ಲಿ ಕರೆದುಕೊಂಡು ಹೋಗಿ ಗಾಜು ಏರಿಸಿ ಬಿಡುವ ಯೋಚನೆ ಮಾತ್ರ ಬೇಡ. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯವಾಗುವಷ್ಟು ಕಾವೇರುತ್ತದೆ.

ಅಕ್ಕಪಕ್ಕದವರಿಗೂ ವಿಷಯ ತಿಳಿಸಿ, ಇಂಥ ತರಬೇತಿ ಶುರು ಮಾಡಿದ್ದೇವೆ, ಸ್ವಲ್ಪ ಕಾಲ ಸಹಕರಿಸಿ ಎಂದು ಕೇಳಿಕೊಂಡರೆ ಬಹುಮಂದಿ ಒಪ್ಪುತ್ತಾರೆ. ನಿವಾಸಿಗಳ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೂ ಗೋಡೆಯಾಚೆ ದಿನವೂ ಊಳು ಕೇಳುವವರ ತೊಂದರೆ ನಿಜವಾದದ್ದು, ಅವರಿಗೆ ಕಾನೂನು ತೋರಿಸುವ ಮೊದಲು ಮಾತಾಡುವುದು ನಾಯಿಗೇ ಹಿತ.

ಹೊರಡುವ ಸೂಚನೆಗಳು

ನಾಯಿಯ ಭಯ ಬಾಗಿಲು ಮುಚ್ಚಿದಾಗ ಶುರುವಾಗುವುದಿಲ್ಲ. ಹೆಲ್ಮೆಟ್ ಕೈಗೆ ಬಂದಾಗ, ಬೀಗದ ಕೈ ಸದ್ದಾದಾಗ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಾಗಲೇ ಅದು ಎದ್ದು ಹಿಂದೆ ಹಿಂದೆ ಸುತ್ತುತ್ತದೆ. ಈ ಸೂಚನೆಗಳಿಗೆ ಅರ್ಥವಿಲ್ಲದಂತೆ ಮಾಡಬೇಕು. ಬೀಗದ ಕೈ ಎತ್ತಿಕೊಂಡು ಹೋಗಿ ಕಾಫಿ ಮಾಡಿ. ಹೆಲ್ಮೆಟ್ ಹಾಕಿಕೊಂಡು ಸೋಫಾದಲ್ಲಿ ಕೂತು ಪತ್ರಿಕೆ ಓದಿ. ಶೂ ಹಾಕಿಕೊಂಡು ಸೊಪ್ಪು ಬಿಡಿಸಿ. ದಿನದಲ್ಲಿ ಹಲವು ಸಲ, ಗಂಟೆಗಳ ಅಂತರದಲ್ಲಿ, ನಾಯಿಯ ಕಡೆ ನೋಡದೆ ಮಾಡಬೇಕು. ಕೆಲವು ದಿನಗಳಲ್ಲಿ ಅದು ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ. ಆಗ ಮುಂದಿನ ಹೆಜ್ಜೆ.

ಬಾಗಿಲಿನ ಅಭ್ಯಾಸ

ಈ ವಿಧಾನದ ಮೂಲ ಮನುಷ್ಯರ ಚಿಕಿತ್ಸೆಯಲ್ಲಿದೆ. ದಕ್ಷಿಣ ಆಫ್ರಿಕಾ ಮೂಲದ ಮನೋವೈದ್ಯ ಜೋಸೆಫ್ ವೋಲ್ಪಿ 1950ರ ದಶಕದಲ್ಲಿ, ಭಯ ಹುಟ್ಟಿಸುವ ಸಂಗತಿಯನ್ನು ಭಯವಾಗದಷ್ಟು ಸಣ್ಣ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾ ಹೋಗುವ ಕ್ರಮವನ್ನು ರೂಪಿಸಿದರು. ನಾಯಿಗೂ ಅದೇ ಸೂತ್ರ: ಭಯ ಹುಟ್ಟುವ ಮೊದಲೇ ನೀವು ಮರಳಿ ಬಂದಿರಬೇಕು.

ವಾಯುವಿಹಾರ ಮುಗಿದು, ಊಟವಾಗಿ, ನಾಯಿ ಆರಾಮವಾಗಿರುವ ಹೊತ್ತನ್ನು ಆರಿಸಿಕೊಳ್ಳಿ. ಬಾಗಿಲವರೆಗೆ ನಡೆದು ಚಿಲಕ ಮುಟ್ಟಿ ಹಿಂದಿರುಗಿ. ನಾಯಿ ಮಲಗಿದ ಜಾಗದಿಂದ ಕದಲದಿದ್ದರೆ ಚಿಲಕ ತೆಗೆದು ಹಾಕಿ. ಆಮೇಲೆ ಬಾಗಿಲನ್ನು ಗೇಣಷ್ಟು ತೆರೆದು ಮುಚ್ಚಿ. ಅದೂ ಸಲೀಸಾದರೆ ಹೊಸ್ತಿಲು ದಾಟಿ ತಕ್ಷಣ ಒಳಗೆ ಬನ್ನಿ, ಮುಂದೆ ಬಾಗಿಲು ಮುಚ್ಚಿ ಒಂದೆರಡು ಸೆಕೆಂಡು ನಿಲ್ಲಿ. ಪ್ರತಿಯೊಂದರ ನಡುವೆ ಒಂದು ನಿಮಿಷದಷ್ಟು ಬಿಡುವಿರಲಿ, ನಾಯಿ ಎದ್ದಿದ್ದರೆ ಮತ್ತೆ ಸಮಾಧಾನಗೊಳ್ಳುವವರೆಗೆ ಕಾಯಿರಿ.

ಇಲ್ಲಿ ಕಣ್ಣು ನಾಯಿಯ ಮೇಲಿರಬೇಕೇ ಹೊರತು ಗಡಿಯಾರದ ಮೇಲಲ್ಲ. ಬಾಯಿ ಮುಚ್ಚಿಕೊಂಡು ಉಸಿರು ಬಿಗಿಹಿಡಿಯುವುದು, ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಒಂದು ಮುಂಗಾಲು ಎತ್ತಿ ನಿಲ್ಲುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಭಯ ಹತ್ತಿರ ಬರುತ್ತಿರುವ ಗುರುತುಗಳು. ನೀವು ಹೊರಗಿದ್ದಾಗ ಬಾಗಿಲ ಬಳಿ ಬಂದು ಕೂರುವುದರಲ್ಲಿ ತಪ್ಪಿಲ್ಲ. ಕೂತಲ್ಲಿಂದ ಎದ್ದು ಅತ್ತಿಂದಿತ್ತ ಓಡಾಡತೊಡಗಿದರೆ, ಕುಂಯ್‌ಗುಟ್ಟಿದರೆ, ಕೂಡಲೇ ಒಳಗೆ ಬನ್ನಿ. ನೀವು ಬಂದದ್ದರಿಂದ ಅದು ಅಳುವುದನ್ನು ಕಲಿತೀತು ಎಂಬ ಅಂಜಿಕೆ ಬೇಡ. ಆ ದಿನ ಅಳತೆ ಹೆಚ್ಚಾಯಿತು ಎಂದಷ್ಟೇ ತಿಳಿದು, ಮರುದಿನ ಅರ್ಧಕ್ಕೆ ಇಳಿಸಿ.

ಅವಧಿ ಮೆಟ್ಟಿಲಿನಂತೆ ಏರುತ್ತಲೇ ಹೋಗಬಾರದು. 10 ಸೆಕೆಂಡು ಗುರಿಯಾಗಿರುವ ದಿನ 3, 6, 2, 8, 4, 10, 3 ಹೀಗೆ ಏರಿಳಿತವಿರಲಿ. ಸುಲಭದವು ಹೆಚ್ಚು, ಕಷ್ಟದ್ದು ಒಂದೇ. ದಿನಕ್ಕೆ ಒಂದು ಸಲ, ಅರ್ಧ ಗಂಟೆಗೆ ಮೀರದಂತೆ, ವಾರಕ್ಕೆ ನಾಲ್ಕೈದು ದಿನ ಸಾಕು. ಉಳಿದ ದಿನಗಳ ವಿರಾಮ ನಾಯಿಗೂ ನಿಮಗೂ ಅಗತ್ಯ. ಒಂದು ನೋಟ್‌ಬುಕ್ಕಿನಲ್ಲಿ ಅವಧಿ, ಹೊತ್ತು, ಹೊರಗಿನ ಸದ್ದು, ನಾಯಿಯ ವರ್ತನೆ ಬರೆದಿಡಿ. ಬೆಳಿಗ್ಗೆ ಸಲೀಸಾಗಿರುವ ನಾಯಿ ಕತ್ತಲಾದ ಮೇಲೆ ಹೆದರುವುದು, ನೀರಿನ ಟ್ಯಾಂಕರ್ ಬಂದ ದಿನ ಕೆಡುವುದು ಬರೆದಿಟ್ಟಾಗಲೇ ಕಣ್ಣಿಗೆ ಬೀಳುತ್ತದೆ.

ನಿಮಿಷಗಳಿಗೆ ತಲುಪಿದ ಮೇಲೆ ಹೊರಡುವಿಕೆಯನ್ನು ನಿಜದಂತೆ ಮಾಡಿ. ಲಿಫ್ಟ್ ಗುಂಡಿ ಒತ್ತಿ ಬಾಗಿಲು ತೆರೆದು ಮುಚ್ಚುವ ಸದ್ದು ಕೇಳಿಸಿ, ಕೆಳಗಿಳಿದು ಬೈಕ್ ಸ್ಟಾರ್ಟ್ ಮಾಡಿ ಆರಿಸಿ ಮೇಲೆ ಬನ್ನಿ. ಇಂಥ ಹೊಸದೊಂದನ್ನು ಸೇರಿಸಿದ ದಿನ ಅವಧಿಯನ್ನು ಕಡಿಮೆ ಮಾಡಬೇಕು. ಮೊದಲ ಅರ್ಧ ಮುಕ್ಕಾಲು ಗಂಟೆಯೇ ಎಲ್ಲಕ್ಕಿಂತ ನಿಧಾನ. ಅದನ್ನು ದಾಟಿದ ನಾಯಿಗೆ ಮುಂದಿನ ಏರಿಕೆ ಸಾಮಾನ್ಯವಾಗಿ ಬೇಗ ಸಾಧ್ಯವಾಗುತ್ತದೆ. ಒಟ್ಟಾರೆ ಇದು ವಾರಗಳ, ಅನೇಕ ಸಲ ತಿಂಗಳುಗಳ ಕೆಲಸ.

ತಿಂಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗಿಂತ ಬೇರೆ. ಮೊಸರನ್ನವನ್ನೋ ಬೇಯಿಸಿದ ಕೋಳಿಯನ್ನೋ ತುಂಬಿದ ಆಟಿಕೆ ಕೊಟ್ಟು ಹೊರಟರೆ ನಾಯಿ ತಿನ್ನುವಷ್ಟು ಹೊತ್ತು ಸುಮ್ಮನಿರುತ್ತದೆ, ಮುಗಿದೊಡನೆ ದಿಗಿಲು ಬೀಳುತ್ತದೆ, ಮತ್ತು ಕೆಲವೇ ದಿನಗಳಲ್ಲಿ ಆ ಆಟಿಕೆಯೇ ಹೊರಡುವ ಸೂಚನೆಯಾಗುತ್ತದೆ. ಅದನ್ನು ನೀವು ಮನೆಯಲ್ಲಿರುವಾಗ ಕೊಡಿ. ಗೂಡಿನೊಳಗೆ ಕೂಡಿಹಾಕುವುದರಿಂದ ಕಂಬಿ ಕಚ್ಚಿ ಹಲ್ಲು ಮುರಿದುಕೊಂಡ, ಉಗುರು ಕಿತ್ತುಕೊಂಡ ನಾಯಿಗಳಿವೆ. ಬೊಗಳಿದರೆ ಶಾಕ್ ಕೊಡುವ ಪಟ್ಟಿ ಸದ್ದನ್ನು ಅಡಗಿಸಬಹುದು, ಭಯ ಹೆಚ್ಚುತ್ತದೆ. ಜೊತೆಗಿರಲೆಂದು ಎರಡನೆಯ ನಾಯಿ ತರುವುದೂ ಬಹುತೇಕ ಫಲಿಸುವುದಿಲ್ಲ, ಏಕೆಂದರೆ ಇದು ಮನುಷ್ಯರಿಗಾಗಿ ಪಡುವ ಸಂಕಟ.

ತುಂಬಾ ತೀವ್ರವಾದ ಆತಂಕವಿದ್ದಲ್ಲಿ, ಚಿಲಕ ಮುಟ್ಟಿದರೂ ನಡುಗುವ ನಾಯಿಯಲ್ಲಿ, ತರಬೇತಿಯೊಂದೇ ಮುಂದೆ ಸಾಗುವುದಿಲ್ಲ. ಔಷಧ ಕೊಡಿಸಲು ಹಿಂಜರಿಯಬೇಡಿ. ನಾಯಿಗಳ ಅಗಲಿಕೆಯ ಆತಂಕಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1998ರಲ್ಲಿ ಕ್ಲೋಮಿಪ್ರಮಿನ್‌ಗೂ 2007ರಲ್ಲಿ ಫ್ಲುಯೊಕ್ಸೆಟಿನ್‌ಗೂ ಒಪ್ಪಿಗೆ ಕೊಟ್ಟಿತು. ಇವು ಮಂಪರು ಬರಿಸುವ ಮಾತ್ರೆಗಳಲ್ಲ. ಪೂರ್ಣ ಪರಿಣಾಮಕ್ಕೆ ಕೆಲವು ವಾರ ಬೇಕು, ಮತ್ತು ತರಬೇತಿಯ ಜೊತೆಯಲ್ಲೇ ಇವುಗಳ ಪ್ರಯೋಜನ. ಪಶುವೈದ್ಯರು ತೂಕ ಮತ್ತು ಆರೋಗ್ಯ ನೋಡಿ ಪ್ರಮಾಣ ಗೊತ್ತುಮಾಡಬೇಕು. ಮನೆಯಲ್ಲಿ ಯಾರೋ ನುಂಗುವ ಮಾತ್ರೆಯನ್ನು ಮುರಿದು ಕೊಡುವುದು, ತಾವಾಗಿಯೇ ಹಠಾತ್ತನೆ ನಿಲ್ಲಿಸುವುದು ಎರಡೂ ಅಪಾಯ. ಹತ್ತಿರದಲ್ಲಿ ಈ ವಿಷಯ ತಿಳಿದವರು ಸಿಗದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಚೆನ್ನಾಗಿ ಕಲಿತ ನಾಯಿಯೂ ದೀಪಾವಳಿಯ ಪಟಾಕಿಗೋ, ಮನೆ ಬದಲಾಯಿಸಿದ್ದಕ್ಕೋ ಹಿಂದೆ ಬೀಳಬಹುದು. ಆಗ ನೋಟ್‌ಬುಕ್ ತೆರೆದು, ಅದು ನಿರಾಳವಾಗಿದ್ದ ಹಳೆಯ ಅವಧಿಯಿಂದ ಮತ್ತೆ ಶುರು ಮಾಡಿ. ಎರಡನೆಯ ಸಲ ಸಾಮಾನ್ಯವಾಗಿ ಅಷ್ಟು ಕಾಲ ಹಿಡಿಯುವುದಿಲ್ಲ. ಮಕ್ಕಳ ಬೇಸಿಗೆ ರಜೆಯಲ್ಲಿ ಮನೆ ತುಂಬಿರುವಾಗಲೂ ವಾರಕ್ಕೆರಡು ಸಲ ಎಲ್ಲರೂ ಒಟ್ಟಿಗೆ ಹೊರಗೆ ಹೋಗಿ ಬರುವುದನ್ನು ಬಿಡಬೇಡಿ, ಶಾಲೆ ತೆರೆಯುವ ದಿನಕ್ಕೆ ಎರಡು ವಾರ ಮುಂಚಿನಿಂದ ಆ ಅವಧಿಯನ್ನು ನಿಮ್ಮ ಎಂದಿನ ಕೆಲಸದ ವೇಳೆಯ ಹತ್ತಿರಕ್ಕೆ ತನ್ನಿ.