ಮಳೆ ರಜೆಯ ನಡುವೆ ನನ್ನ ಕ್ಲಾಸ್‌ರೂಮ್

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕೊಡಗಿನ ನಮ್ಮ ಸೋಮವಾರಪೇಟೆ ಕಡೆ ಶಾಲೆಗೆ ರಜೆ ಬೀಳುವುದು ಹೊಸದೇನಲ್ಲ. ಒಂಬತ್ತನೇ ತರಗತಿಯ ವಿಜ್ಞಾನ ಪಾಠ ಹಿಂದೆ ಬೀಳುತ್ತಲೇ ಇತ್ತು. ಹಾಗಾಗಿ ಮಕ್ಕಳಿಗೆ ಆನ್‌ಲೈನ್‌ನಲ್ಲೇ ಪಾಠ, ಕೆಲಸ, ಅಂಕ ಕೊಡುವ ಗೂಗಲ್ ಕ್ಲಾಸ್‌ರೂಮ್ ಹಿಡಿದೆ.

ಮೊದಲು ಲೈವ್ ಪಾಠಕ್ಕೆ ಕೈ ಹಾಕಿದ್ದೇ ತಪ್ಪು. ಬಂದವರು ಆರೇ ಮಕ್ಕಳು. ಅಷ್ಟರಲ್ಲಿ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಮಕ್ಕಳ ಪರದೆಯಲ್ಲಿ ನಾನು ಬಾಯಿ ತೆರೆದುಕೊಂಡೇ ನಿಂತುಬಿಟ್ಟೆನಂತೆ! ಉಳಿದವರ ಫೋನು ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿತ್ತು. ಮನೆಗೆ ಬರುವುದು ಸಂಜೆ ಏಳಕ್ಕೆ.

ಅಂದಿನಿಂದ ಕ್ಲಾಸ್‌ರೂಮನ್ನು ಅಂಚೆ ಡಬ್ಬಿಯಂತೆ ಬಳಸುತ್ತಿದ್ದೇನೆ. ಸಿಗ್ನಲ್ ಇರುವ ದಿನವೇ ವಾರದ ಕೆಲಸವನ್ನೆಲ್ಲ ಹಾಕಿ, ಸಂಜೆ ಏಳಕ್ಕೆ ಶೆಡ್ಯೂಲ್ ಮಾಡಿಡುತ್ತೇನೆ. ವಿಡಿಯೋ ಇಲ್ಲ, ಮೂರು ನಿಮಿಷದ ಆಡಿಯೋ ಸಾಕು. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ನಾಲ್ಕು ಮಕ್ಕಳಿಗೆ ಫೋನೇ ಇಲ್ಲ. ಅವರು ನೋಟ್‌ಬುಕ್‌ನಲ್ಲೇ ಬರೆದು ತರುತ್ತಾರೆ, ಅಂಕ ಮಾತ್ರ ನಾನು ಅಲ್ಲಿ ಹಾಕುತ್ತೇನೆ. ಹಾಂ, ಅಂಕ ಹಾಕಿದರೆ ಸಾಲದು. 'ರಿಟರ್ನ್' ಒತ್ತದಿದ್ದರೆ ಮಕ್ಕಳಿಗೆ ಕಾಣುವುದಿಲ್ಲ. "ಮಾರ್ಕ್ಸ್ ಎಲ್ಲಿ ಸಾರ್?" ಅಂತ ಎರಡು ವಾರ ಕೇಳಿಸಿಕೊಂಡಿದ್ದೇನೆ.

ಚೆನ್ನಾಗಿ ನಡೆದದ್ದು ಮಳೆ ಅಳೆಯುವ ಕೆಲಸ. ಇಲ್ಲಿ ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲೇ ಹೇಳುವುದು. ನೂರು ಸೆಂಟ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನೇರ ಗೋಡೆಯ ಡಬ್ಬವನ್ನು ಅಂಗಳದಲ್ಲಿಟ್ಟು ಏಳು ದಿನ ಅಳೆದು, ಮಿಲಿಮೀಟರನ್ನು ಸೆಂಟ್‌ಗೆ ತಿರುಗಿಸಿ ಶೀಟ್‌ನಲ್ಲಿ ತುಂಬಿ ಅಂದೆ. ಫೈಲ್ ಸೇರಿಸುವಾಗ 'ಪ್ರತಿಯೊಬ್ಬರಿಗೂ ಒಂದು ಪ್ರತಿ' ಅನ್ನುವುದರ ಬದಲು 'ಎಡಿಟ್ ಮಾಡಬಹುದು' ಒತ್ತಿಬಿಟ್ಟಿದ್ದೆ. ಎಲ್ಲರೂ ಒಂದೇ ಶೀಟಿಗೆ ನುಗ್ಗಿದರು. ಒಬ್ಬನ ಲೆಕ್ಕದ ಮೇಲೆ ಇನ್ನೊಬ್ಬಳ ಲೆಕ್ಕ. ಹಳೆಯ ಆವೃತ್ತಿ ತೆರೆದು ಸರಿಮಾಡುವಷ್ಟರಲ್ಲಿ ಅರ್ಧ ರಾತ್ರಿ.

ಆದರೆ ಎಲ್ಲರ ಅಂಕಿ ಒಂದೇ ಕಡೆ ಕಂಡಾಗ ಮಕ್ಕಳೇ ಜಗಳ ತೆಗೆದರು. ಪಕ್ಕದ ಊರಿನ ಇಬ್ಬರಲ್ಲಿ ಒಬ್ಬಳಿಗೆ 210 ಸೆಂಟ್, ಇನ್ನೊಬ್ಬನಿಗೆ 340. ಸುಳ್ಳು ಬರೆದಿದ್ದಾನೆ ಅಂತ ಅವಳು. ಕೊನೆಗೆ ನೋಡಿದರೆ ಅವನ ಡಬ್ಬ ಹೆಂಚಿನ ಸೂರಿನ ನೀರು ಸುರಿಯುವಲ್ಲೇ ಇತ್ತು!

ಈಗ ಆ ಕೆಲಸಕ್ಕೆ ಮಾತ್ರ ಬೇಕೆಂದೇ ಒಂದೇ ಶೀಟ್ ಕೊಡುತ್ತೇನೆ, ಪ್ರತಿ ಮಗುವಿಗೂ ಒಂದೊಂದು ಸಾಲಿನಲ್ಲಿ ಹೆಸರು ಮೊದಲೇ ಬರೆದಿಟ್ಟು.