ಮಲೆನಾಡಿನಲ್ಲಿ ರೇಡಿಯೊ: ಸೆಟ್ಟಿಗಿಂತ ಮೊದಲು ಗುಡ್ಡವನ್ನು ನೋಡಿ

ಹವ್ಯಾಸಕ್ಕೆಂದು ರೇಡಿಯೊ ಕೊಳ್ಳಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಅದು ಎಷ್ಟು ವ್ಯಾಟ್‌ನದು, ಎಷ್ಟು ಕಿಲೋಮೀಟರ್ ಮುಟ್ಟುತ್ತದೆ ಎಂದು. ಬಯಲುಸೀಮೆಯಲ್ಲಿ ಈ ಪ್ರಶ್ನೆಗೆ ಒಂದಿಷ್ಟು ಅರ್ಥವಿರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರು ಮಾತ್ರ ತಮ್ಮ ಮನೆಯ ಸುತ್ತ ಯಾವ ದಿಕ್ಕಿಗೆ ಗುಡ್ಡವಿದೆ, ಯಾವ ದಿಕ್ಕು ತೆರೆದಿದೆ ಎಂಬುದನ್ನು ಗಮನಿಸಿದ ಮೇಲೆಯೇ ಅಂಗಡಿಯ ಕಡೆ ಮುಖ ಮಾಡುವುದು ಒಳ್ಳೆಯದು. ಎಫ್.ಎಂ. ಮತ್ತು ವಾಕಿಟಾಕಿಯ ತರಂಗಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುವುದರಿಂದ ಗುಡ್ಡದ ಮರೆಯಲ್ಲಿರುವ ಮನೆಗೆ ಸರಿಯಾಗಿ ತಲುಪುವುದಿಲ್ಲ. ಮೀಡಿಯಂ ವೇವ್ ನೆಲವನ್ನು ಹಿಡಿದು ಬರುತ್ತದೆ. ಶಾರ್ಟ್ ವೇವ್ ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರಗಳಿಗೆ, ತಾಗಿ ಮರಳಿ ಇಳಿಯುವುದರಿಂದ ಅದಕ್ಕೆ ನಡುವಿನ ಗುಡ್ಡ ಲೆಕ್ಕಕ್ಕೇ ಇಲ್ಲ.

ಕೇಳುವುದಕ್ಕಷ್ಟೇ ರೇಡಿಯೊ ಬೇಕಾದವರಿಗೆ ಕೆಲಸ ಸುಲಭ. ಹಿಂದೊಂದು ಕಾಲಕ್ಕೆ ರೇಡಿಯೊ ಇಟ್ಟುಕೊಳ್ಳಲೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಬೇಕಿತ್ತು; ಈಗ ಪ್ರಸಾರ ಕೇಳಲು ಯಾವ ಪರವಾನಗಿಯೂ ಬೇಡ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ಮೀಡಿಯಂ ವೇವ್ ಕಂಪನಾಂಕ 675 ಕಿಲೋಹರ್ಟ್ಸ್. ಧಾರವಾಡದ್ದು 765, ಬೆಂಗಳೂರಿನದು 612. ಹಗಲಿನಲ್ಲಿ ಮೀಡಿಯಂ ವೇವ್ ಅನ್ನು ಹೀರಿಬಿಡುವ ಅಯಾನುಗೋಳದ ಕೆಳಪದರವು ಸೂರ್ಯಾಸ್ತದ ನಂತರ ಕರಗುವುದರಿಂದ, ಹಗಲಲ್ಲಿ ಸುಳಿವೇ ಇಲ್ಲದ ದೂರದ ನಿಲ್ದಾಣಗಳು ರಾತ್ರಿ ಕೇಳಿಸತೊಡಗುತ್ತವೆ. ಆದ್ದರಿಂದ ಹೊಸ ಸೆಟ್ಟನ್ನು ಮಧ್ಯಾಹ್ನ ಒಮ್ಮೆ ತಿರುಗಿಸಿ ನೋಡಿ ಏನೂ ಬರುವುದಿಲ್ಲವೆಂದು ತೀರ್ಮಾನಿಸಬಾರದು.

ಕೊಳ್ಳುವಾಗ ಎಫ್.ಎಂ., ಮೀಡಿಯಂ ವೇವ್, ಶಾರ್ಟ್ ವೇವ್ ಮೂರರ ಜೊತೆಗೆ ಎಸ್‌ಎಸ್‌ಬಿ ಎಂಬ ಸೌಲಭ್ಯವೂ ಇರುವ ಸೆಟ್ಟನ್ನೇ ಆರಿಸಿಕೊಳ್ಳಿ. ಹ್ಯಾಮ್‌ಗಳ, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಪರಸ್ಪರ ಮಾತಾಡುವವರ, ಮಾತುಕತೆ ಶಾರ್ಟ್ ವೇವ್‌ನಲ್ಲಿ ನಡೆಯುವುದು ಇದೇ ವಿಧಾನದಲ್ಲಿ. ಅದಿಲ್ಲದ ರೇಡಿಯೊದಲ್ಲಿ ಅವರ ಧ್ವನಿ ಒಡೆದ ಗೊಗ್ಗರು ಸದ್ದಾಗಿ ಕೇಳುತ್ತದೆ. ಟೆಕ್ಸನ್ ಪಿಎಲ್-330, ಎಕ್ಸ್‌ಎಚ್‌ಡಾಟಾ ಡಿ-808 ಇಂಥ ಸೆಟ್ಟುಗಳು. ಮೊದಲನೆಯದಕ್ಕೆ ಹಳೆಯ ನೋಕಿಯಾ ಫೋನುಗಳ ಬಿಎಲ್-5ಸಿ ಬ್ಯಾಟರಿಯೇ ಸಾಕಾಗುತ್ತದೆ ಎಂಬುದು ಸಣ್ಣ ಊರುಗಳವರಿಗೆ ದೊಡ್ಡ ಅನುಕೂಲ.

ಸೆಟ್ಟು ಮನೆಗೆ ಬಂದ ಮೇಲೆ ಎದುರಾಗುವ ನಿಜವಾದ ಶತ್ರು ಗದ್ದಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಸೌರಫಲಕದ ನಿಯಂತ್ರಕ ಇವೆಲ್ಲವೂ ಮೀಡಿಯಂ ವೇವ್‌ನಲ್ಲಿ ಗುಂಯ್‌ಗುಡುತ್ತವೆ. ಕಾಡುಪ್ರಾಣಿಗಳ ಕಾಟಕ್ಕೆ ತೋಟದ ಸುತ್ತ ವಿದ್ಯುತ್ ಮಿಡಿತ ಹರಿಸುವ ಐಬೆಕ್ಸ್ ಬೇಲಿ ಹಾಕಿದವರಿಗೆ ಸುಮಾರು ಸೆಕೆಂಡಿಗೊಮ್ಮೆ ‘ಟಕ್’ ಎಂಬ ಸದ್ದೂ ಸೇರಿಕೊಳ್ಳುತ್ತದೆ. ಬೇಲಿಯ ತಂತಿಗೆ ಹಸಿ ಬಳ್ಳಿ ತಾಗಿ ಕಿಡಿ ಹಾರುತ್ತಿದ್ದರೆ ಅದು ಇನ್ನೂ ಜೋರಾಗುತ್ತದೆ. ಆದ್ದರಿಂದ ಬೇಲಿ ಸವರುವ ಕೆಲಸದಿಂದ ರೇಡಿಯೊಗೂ ಲಾಭವಿದೆ. ಮೀಡಿಯಂ ವೇವ್‌ಗೆ ಸೆಟ್ಟಿನೊಳಗಿನ ಫೆರೈಟ್ ಕಡ್ಡಿಯೇ ಆಂಟೆನಾ ಆಗಿರುವುದರಿಂದ ಸೆಟ್ಟನ್ನೇ ಮೆಲ್ಲಗೆ ತಿರುಗಿಸುತ್ತಾ ಹೋದರೆ ಗದ್ದಲ ಇಳಿಯುವ ಒಂದು ದಿಕ್ಕು ಸಿಗುತ್ತದೆ. ಶಾರ್ಟ್ ವೇವ್‌ಗಾದರೆ ಏಳೆಂಟು ಮೀಟರ್ ಉದ್ದದ ತಂತಿಯನ್ನು ಮನೆಯ ವೈರಿಂಗಿನಿಂದ ದೂರವಾಗಿ, ಅಂಗಳದಾಚೆಯ ಮರಕ್ಕೆ ಎಳೆದು ಸೆಟ್ಟಿಗೆ ಸೇರಿಸಿ.

ಎರಡೂ ಕಡೆಯಿಂದ ಮಾತಾಡುವ ವಿಷಯಕ್ಕೆ ಬಂದಾಗ ಕಾನೂನನ್ನು ಮೊದಲು ತಿಳಿಯಬೇಕು. ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಕೈ ವಾಕಿಟಾಕಿಗಳಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಸೆಟ್ಟು ಮಾತ್ರ ಅನುಮೋದಿತ ಮಾದರಿಯದಾಗಿರಬೇಕು. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ, ಯಾವ ಕಂಪನಾಂಕಕ್ಕೆ ಬೇಕಾದರೂ ಹೊಂದಿಸಬಹುದಾದ ಸೆಟ್ಟುಗಳು ಈ ವಿನಾಯಿತಿಯೊಳಗೆ ಬರುವುದಿಲ್ಲ. ಇಂಥ ಮಾರಾಟವನ್ನು ಹದ್ದುಬಸ್ತಿನಲ್ಲಿಡಲು ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಮಾರಾಟಕ್ಕಿದೆ ಎಂದಮಾತ್ರಕ್ಕೆ ಬಳಸಲು ಅನುಮತಿಯಿದೆ ಎಂದು ಭಾವಿಸಬೇಡಿ.

ಹ್ಯಾಮ್ ಆಗಬೇಕಾದರೆ ಕೇಂದ್ರ ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ಪರವಾನಗಿಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹನ್ನೆರಡು ವರ್ಷ ತುಂಬಿದ ಯಾರಾದರೂ ಬರೆಯಬಹುದು. ಅರ್ಜಿಯನ್ನು ಸರಳ್ ಸಂಚಾರ್ ಜಾಲತಾಣದಲ್ಲಿ ಸಲ್ಲಿಸಬೇಕು. ರಿಸ್ಟ್ರಿಕ್ಟೆಡ್ ದರ್ಜೆಗೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಬೇಕಿಲ್ಲ, ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಅದು ಬರಬೇಕು. ವಿಯು3, ವಿಯು2 ಎಂದು ಆರಂಭವಾಗುವ ಕರೆಸಂಕೇತಗಳು (ಪ್ರತಿ ಹ್ಯಾಮ್‌ಗೂ ಕೊಡುವ ಗುರುತಿನ ಹೆಸರು) ಅನುಕ್ರಮವಾಗಿ ಈ ಎರಡು ದರ್ಜೆಗಳವು. ಮೋರ್ಸ್‌ಗೆ ಹೆದರಿ ವರ್ಷಗಟ್ಟಲೆ ಕಾಯುವುದಕ್ಕಿಂತ ರಿಸ್ಟ್ರಿಕ್ಟೆಡ್ ದರ್ಜೆಯಿಂದ ಒಳಗೆ ಬರುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ಕೈಯಲ್ಲಿ ಹಿಡಿಯುವ ಸೆಟ್ಟುಗಳಲ್ಲಿ ಹ್ಯಾಮ್‌ಗಳು ಬಳಸುವುದು 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಸ್‌ಗಳನ್ನು. ದಟ್ಟ ಕಾಡಿನಲ್ಲಿ, ಅದರಲ್ಲೂ ಎಲೆಗಳು ಒದ್ದೆಯಾಗಿರುವ ಮಳೆಗಾಲದಲ್ಲಿ, ಇವೆರಡರಲ್ಲಿ ಹೆಚ್ಚಿನ ಕಂಪನಾಂಕದ ತರಂಗಗಳು ಬೇಗ ಕ್ಷೀಣಿಸುತ್ತವೆ. 144ರ ಪಟ್ಟಿ (ಬ್ಯಾಂಡ್) ಇದ್ದುದರಲ್ಲಿ ವಾಸಿ. ಪರವಾನಗಿ ಬೇಡದ 446ರ ಸೆಟ್ಟುಗಳಿಗೂ ಈ ಮಿತಿ ತಪ್ಪಿದ್ದಲ್ಲ, ಹಾಗಾಗಿ ಪೆಟ್ಟಿಗೆಯ ಮೇಲೆ ಅಚ್ಚಾದ ಕಿಲೋಮೀಟರ್‌ಗಳನ್ನು ನಂಬದೆ ತೋಟದ ಈ ತುದಿಯಿಂದ ಆ ತುದಿಗೆ ಮಾತಾಡಲು ಅವನ್ನು ಇಟ್ಟುಕೊಳ್ಳಿ. ವ್ಯಾಟ್ ಹೆಚ್ಚಿಸಿ ಗುಡ್ಡವನ್ನು ಗೆಲ್ಲಲಾಗುವುದಿಲ್ಲ. ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದರೂ ಎದುರಿನವರ ಸೆಟ್ಟಿನಲ್ಲಿ ಸಂಕೇತದ ಬಲ ತೋರಿಸುವ ಎಸ್-ಮೀಟರಿನಲ್ಲಿ ಏರುವುದು ಒಂದೇ ಅಂಕ. ಅದೇ ನೀವು ನೂರು ಹೆಜ್ಜೆ ಮೇಲಕ್ಕೆ ಹತ್ತಿ ಗುಡ್ಡದ ನೆತ್ತಿಗೆ ಬಂದರೆ ಇಡೀ ಕಣಿವೆ ತೆರೆದುಕೊಳ್ಳುತ್ತದೆ. ನೆಲದ ಮೇಲೆ ನಿಂತವರ ದಿಗಂತ ಐದು ಕಿಲೋಮೀಟರ್ ಆಸುಪಾಸಿನಲ್ಲೇ ಮುಗಿದರೆ, 1,343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಿಂದ ಲೆಕ್ಕದ ಪ್ರಕಾರ ರೇಡಿಯೊ ದಿಗಂತ 150 ಕಿಲೋಮೀಟರ್ ದೂರವಿದೆ. ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾತಾಡುವುದೂ ನಷ್ಟವೇ. ಆಂಟೆನಾ ನೆಟ್ಟಗಿರುವಂತೆ ಮುಖದೆತ್ತರಕ್ಕೆ ಹಿಡಿಯಿರಿ, ಧ್ವನಿ ಕಡಿದುಹೋದರೆ ಒಂದೆರಡು ಹೆಜ್ಜೆ ಆಚೀಚೆ ಸರಿಯಿರಿ.

ಗುಡ್ಡದ ಆಚೆಗಿನ ಊರನ್ನು ಮನೆಯಲ್ಲೇ ಕುಳಿತು ಮುಟ್ಟಬೇಕೆಂದರೆ ಶಾರ್ಟ್ ವೇವ್‌ನ 7 ಮೆಗಾಹರ್ಟ್ಸ್ ಹ್ಯಾಮ್ ಪಟ್ಟಿಯಷ್ಟು ಮಲೆನಾಡಿಗೆ ಹೊಂದುವುದು ಬೇರೊಂದಿಲ್ಲ. ಎರಡೂ ಬದಿಗೆ ಹತ್ತತ್ತು ಮೀಟರ್ ಉದ್ದದ ತಂತಿಯಿರುವ ಡೈಪೋಲ್ ಆಂಟೆನಾವನ್ನು ಆರೇಳು ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದರೆ ತರಂಗ ಹೆಚ್ಚಾಗಿ ನೆತ್ತಿಯ ಕಡೆಗೇ ಹೋಗಿ, ಅಲ್ಲಿಂದ ಸುತ್ತಲಿನ ಕೆಲವು ನೂರು ಕಿಲೋಮೀಟರ್ ವ್ಯಾಪ್ತಿಗೆ ಇಳಿಯುತ್ತದೆ. ಇನ್ನೂ ಎತ್ತರಕ್ಕೆ ಕಟ್ಟಬೇಕೆಂಬ ಆಸೆ ಇಲ್ಲಿ ಬೇಡ. ಹಗಲಿನಲ್ಲಿ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ರಾತ್ರಿ ಹೊತ್ತೇರಿದಂತೆ ಹತ್ತಿರದವರು ಮರೆಯಾಗಿ ದೂರದವರು ಕೇಳಿಸುತ್ತಾರೆ. ಕಂಬದ ಬದಲು ಅಡಿಕೆ ಮರಗಳನ್ನೇ ಬಳಸುವುದಾದರೆ, ಗಾಳಿಗೆ ಅವು ತೂಗುವುದರಿಂದ, ತಂತಿಯ ಒಂದು ತುದಿಯ ನೈಲಾನ್ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕೆಳಗೆ ತೂಕ ಕಟ್ಟಿಬಿಡಿ. ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಕೈಗೆ ಸಿಗುತ್ತದೆಂದು ಅದಕ್ಕೇ ತಂತಿ ಸುತ್ತಬೇಡಿ. ಕಾರ್ಬನ್ ವಿದ್ಯುತ್ತನ್ನು ಹರಿಸುವುದರಿಂದ ಆಂಟೆನಾದ ಹೊಂದಿಕೆ ಕೆಡುತ್ತದೆ, ಕರೆಂಟಿನ ತಂತಿಗೆ ತಾಗಿದರೆ ಪ್ರಾಣಕ್ಕೇ ಅಪಾಯ. ವಿದ್ಯುತ್ ಮಾರ್ಗ ಹಾದುಹೋಗುವ ಕಡೆ ಆಂಟೆನಾವನ್ನು ಕಟ್ಟಲೇಬಾರದು.

ಮಾತಿಗೆ ಇಳಿಯುವ ಮುನ್ನ ಆ ಕಂಪನಾಂಕ ಖಾಲಿಯಿದೆಯೇ ಎಂದು ಕೆಲವು ನಿಮಿಷ ಕೇಳಿ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡಿದರೆ ಮೊದಲ ಅಕ್ಷರ ನುಂಗಿಹೋಗುವುದಿಲ್ಲ. ಮೊದಲು ಎದುರಿನವರ ಕರೆಸಂಕೇತ, ಅನಂತರ ನಿಮ್ಮದು ಎಂಬುದು ಕ್ರಮ. ಪರಿಚಿತ ಹ್ಯಾಮ್‌ಗಳೊಡನೆ ಕನ್ನಡದಲ್ಲೇ ಮಾತಾಡಬಹುದು. ವ್ಯಾಪಾರದ ವಿಷಯ, ಅಡಿಕೆ ಧಾರಣೆಯ ಚೌಕಾಶಿ ಮಾತ್ರ ಹ್ಯಾಮ್ ಪಟ್ಟಿಗಳಲ್ಲಿ ಸಲ್ಲದು. ಕಾಡಂಚಿನಲ್ಲಿ ಸೆಟ್ಟು ಹಿಡಿದು ಓಡಾಡುವಾಗ ಪರವಾನಗಿಯ ಪ್ರತಿ ಜೇಬಿನಲ್ಲಿರಲಿ, ಪೊಲೀಸರೋ ಅರಣ್ಯ ಸಿಬ್ಬಂದಿಯೋ ವಿಚಾರಿಸಿದರೆ ಅದನ್ನು ತೋರಿಸಿದರಾಯಿತು.

ಇನ್ನು ಮಳೆ. ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ, ಬಳಸದಿರುವಾಗಲೆಲ್ಲ, ಆಂಟೆನಾ ತಂತಿಯನ್ನು ಸೆಟ್ಟಿನಿಂದ ಬಿಚ್ಚಿ ಮನೆಯ ಹೊರಗಿಡಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಬಿಚ್ಚಲು ಹೋಗಬಾರದು. ಹೊರಗಿನ ಕೇಬಲ್ ಕನೆಕ್ಟರುಗಳಿಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತದಿದ್ದರೆ ಆಗುಂಬೆ ಕಡೆಯ ಒಂದೇ ಮಳೆಗಾಲಕ್ಕೆ ಕೇಬಲಿನೊಳಗೆ ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಆಷಾಢ, ಶ್ರಾವಣದಲ್ಲಿ ದಿನವೂ ಬಳಸದ ಸೆಟ್ಟುಗಳ ಬ್ಯಾಟರಿಯನ್ನು ತೆಗೆದು, ಎರಡನ್ನೂ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿಡಿ, ತಿಂಗಳಿಗೊಮ್ಮೆ ಹೊರತೆಗೆದು ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್ ಮಾಡಿ.