ಜಾಡಿಲ್ಲದ ಗುಡ್ಡ ಹತ್ತುವ ಮೊದಲು

ಕುಂದಾದ್ರಿಯ ನೆತ್ತಿಯವರೆಗೂ ರಸ್ತೆಯಿದೆ, ಕೊಡಚಾದ್ರಿಗೆ ಜೀಪು ಹೋಗುತ್ತದೆ. ಇಲ್ಲಿ ಹೇಳುವುದು ಅವುಗಳ ಮಾತಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯ ಘಟ್ಟದಂಚಿನಲ್ಲಿ ಉಪ್ಪಾಗೆ ಎಂಬ ಹುಳಿಹಣ್ಣು ಕೊಯ್ಯುವವರು, ಜೇನು ಕೀಳುವವರು ಬಿಟ್ಟರೆ ಹೆಚ್ಚು ಜನ ಕಾಲಿಡದ ಗುಡ್ಡಗಳಿವೆಯಲ್ಲ, ಅವುಗಳದು.

ಮೊದಲು ಅನುಮತಿ. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಗುಡ್ಡ ಅಭಯಾರಣ್ಯದೊಳಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಒಳಹೋಗುವುದೇ ಅಪರಾಧ. 'ಹೋಗ್ಬನ್ನಿ, ಯಾರೂ ಕೇಳಲ್ಲ' ಅಂತ ಊರವರು ಹೇಳಿದರೆ ಅದು ಅನುಮತಿಯಾಗುವುದಿಲ್ಲ. ಸಿಗದಿದ್ದರೆ ಬೇರೆ ಗುಡ್ಡ ನೋಡಿಕೊಳ್ಳಿ.

ಕಾಲ ನಾವು ಅಂದುಕೊಂಡದ್ದಕ್ಕಿಂತ ಕಿರಿದು. ಮಳೆಗಾಲದಲ್ಲಿ ಹಳ್ಳ ದಾಟಲಾಗದು, ಪಾಚಿ ಹಿಡಿದ ಬಂಡೆಯ ಮೇಲೆ ಕಾಲು ನಿಲ್ಲದು, ಉಂಬಳ (ಜಿಗಣೆ) ಅಂತೂ ಕೇಳಬೇಡಿ. ಡಿಸೆಂಬರಿನಿಂದ ಮೇವರೆಗೆ ಉಣುಗಿನ (ರಕ್ತ ಹೀರುವ ಉಣ್ಣೆ ಹುಳದ) ಕಾಟ, ಅದು ಕಚ್ಚಿ ಹರಡುವ ಮಂಗನ ಕಾಯಿಲೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಈ ಜ್ವರ ಮಲೆನಾಡನ್ನು ಇನ್ನೂ ಬಿಟ್ಟಿಲ್ಲ. ಹಾಗಾಗಿ ನವೆಂಬರ್ ತಿಂಗಳೇ ವಾಸಿ. ಆಗಲೂ ಮಧ್ಯಾಹ್ನದ ಮೇಲೆ ಮಂಜು ಕವಿಯಬಹುದು.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಒಂದು ಗೆರೆಗೂ ಇನ್ನೊಂದಕ್ಕೂ ಎತ್ತರದಲ್ಲಿ ಸಾಮಾನ್ಯವಾಗಿ 20 ಮೀಟರ್ ಅಂತರ. ಎರಡು ಮಿಲಿಮೀಟರಿನೊಳಗೆ ಆರು ಗೆರೆ ಒತ್ತಿಕೊಂಡಿದ್ದರೆ ಅಲ್ಲಿ ಸುಮಾರು 45 ಡಿಗ್ರಿ ಏರು, ಒದ್ದೆ ಮಣ್ಣಿನಲ್ಲಿ ಆ ಕಡೆ ಹೋಗದಿರುವುದೇ ಲೇಸು. ಗೆರೆಗಳು ಬಿಡಿಬಿಡಿಯಾಗಿರುವ ಏಣು (ಗುಡ್ಡದ ಬೆನ್ನೇಣು) ಆರಿಸಿಕೊಳ್ಳಿ.

ಹತ್ತುವಾಗ ದಾರಿ ತಪ್ಪುವುದು ಕಡಿಮೆ, ಯಾವ ಏಣು ಹಿಡಿದರೂ ಮೇಲಕ್ಕೇ ಹೋಗಿ ಕೂಡುತ್ತದೆ. ಇಳಿಯುವಾಗ ಅದೇ ಏಣು ಕವಲೊಡೆಯುತ್ತದೆ. ಮಂಜಿನಲ್ಲಿ ಪಕ್ಕದ ಕವಲು ಹಿಡಿದವರು ಅರ್ಧ ಗಂಟೆಯಲ್ಲಿ ಬೇರೆಯೇ ಕಣಿವೆಯಲ್ಲಿರುತ್ತಾರೆ. ಅದಕ್ಕೇ ಹತ್ತುವಾಗ ಪ್ರತಿ ಕವಲಿನಲ್ಲೂ ಹಿಂತಿರುಗಿ ನೋಡಿ, ಬಣ್ಣದ ಬಟ್ಟೆಪಟ್ಟಿಯನ್ನು ಮೇಲಿನಿಂದ ಬರುವವರಿಗೆ ಕಾಣುವಂತೆ ಕಟ್ಟಿ, ಇಳಿಯುವಾಗ ಬಿಚ್ಚಿಕೊಳ್ಳಿ. 'ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ' ಎಂಬ ಮಾತು ಘಟ್ಟದ ಪಡುವಣ ಮಗ್ಗುಲಿಗೆ ಹೊಂದುವುದಿಲ್ಲ. ಅಲ್ಲಿ ಹಳ್ಳ ಅಬ್ಬಿಯಾಗಿ ಧುಮುಕುತ್ತದೆ. ಆಗುಂಬೆಯ ಹತ್ತಿರ ಸೀತಾನದಿ ಬರ್ಕಣದಲ್ಲಿ ಮಾಡುವುದೂ ಅದನ್ನೇ. ದಾರಿ ತಪ್ಪಿದರೆ ಕೆಳಗಿಳಿಯಬೇಡಿ, ಕೊನೆಯ ಪಟ್ಟಿ ಕಂಡಲ್ಲಿಗೆ ವಾಪಸ್ ಹತ್ತಿ.

ಹೊತ್ತಿನ ಲೆಕ್ಕವನ್ನು ಹಿಂದಿನಿಂದ ಹಾಕಿ. ನವೆಂಬರಿನಲ್ಲಿ ಸೂರ್ಯ ಆರರ ಆಸುಪಾಸಿನಲ್ಲಿ ಮುಳುಗಿದರೂ ಕಾನಿನೊಳಗೆ (ದಟ್ಟ ಕಾಡಿನೊಳಗೆ) ಐದೂವರೆಗೇ ಕಣ್ಣು ಕಾಣಿಸದು. ವಾಟೆ ಬಿದಿರು, ಬೆತ್ತ ತುಂಬಿದಲ್ಲಿ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ಹೆಚ್ಚು. ನಾಲ್ಕು ಕಿಲೋಮೀಟರ್ ದಾರಿ, 600 ಮೀಟರ್ ಏರು ಇದ್ದರೆ ಹತ್ತಲು ಐದು ಗಂಟೆ, ಇಳಿಯಲು ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಆರೂವರೆಗೆ ಹೊರಟರೂ ಹನ್ನೆರಡಕ್ಕೆ ತಿರುಗಲೇಬೇಕು, ತುದಿ ಎದುರಿಗೇ ಕಾಣುತ್ತಿದ್ದರೂ.

ಜೊತೆಗೆ ಕಾನು ಬಲ್ಲ ಊರಿನವರೊಬ್ಬರು ಬೇಕು, ದಿನದ ಕೂಲಿಯನ್ನು ಮೊದಲೇ ಮಾತಾಡಿ. ತಂಡ ನಾಲ್ಕರಿಂದ ಆರು ಜನ. ಏಣಿನ ಮೇಲೆ ನೀರಿರುವುದಿಲ್ಲ, ಒಬ್ಬೊಬ್ಬರೂ ಮೂರು ಲೀಟರ್ ಹೊರಿ. ಬುತ್ತಿ ನಿಮ್ಮಿಷ್ಟ. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಲ್ಲೂ ಇರಲಿ. ಮೊಬೈಲಿಗೆ ನಕ್ಷೆ ಇಳಿಸಿಕೊಂಡು ಫ್ಲೈಟ್ ಮೋಡಿನಲ್ಲಿಡಿ. ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಮುಗಿದುಹೋಗುತ್ತದೆ. ಹೋಗುವ ದಾರಿ, ಮರಳುವ ಹೊತ್ತು ಎರಡನ್ನೂ ಬರೆದು ಬುಡದ ಕೊನೆಯ ಮನೆಯಲ್ಲಿ ಕೊಡಿ.

ಉಂಬಳಕ್ಕೆ ಉಪ್ಪಿನ ಗಂಟು ಸಾಕು. ಕಚ್ಚಿದ್ದನ್ನು ಜಗ್ಗಬೇಡಿ, ಉಗುರಿನಿಂದ ಬದಿಗೆ ಸರಿಸಿ. ರಕ್ತ ಸೋರುತ್ತಲೇ ಇದ್ದರೂ ಗಾಬರಿ ಬೇಡ, ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುತ್ತದೆ. ಉಣುಗಿಗೆ ಹೆಚ್ಚು ಹೆದರಿ: ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ದರಗಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬೇಡಿ, ಸತ್ತ ಮಂಗನ ಹತ್ತಿರ ಸುಳಿಯಬೇಡಿ. ಮರಳಿದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಬಿಸಿನೀರು ಸೋಪಿನಲ್ಲಿ ಮಿಂದು ಕಂಕುಳು, ತೊಡೆಸಂದಿ ನೋಡಿಕೊಳ್ಳಿ. ಹತ್ತು ದಿನದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.